ಹಾಲು ಕಕ್ಕುವ ಮಗುವಿಗೆ ಯಾವ ಔಷಧಿ? ಮೆದುಳು, ನರಗಳ ಮೇಲಿನ ಪರಿಣಾಮ ನೋಡಿ ಒಂದು ಹೋಲಿಕೆ

ಮಗು ಕುಡಿದ ಹಾಲನ್ನು ಹೆಗಲ ಮೇಲೆ ಕಕ್ಕುತ್ತದೆ. ರಾತ್ರಿಯೆಲ್ಲ ರಚ್ಚೆ ಹಿಡಿಯುತ್ತದೆ. ಆಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಜ್ಜಿ ಬಜೆ ತೇಯ್ದು ಹಾಕೋಣ ಅನ್ನುತ್ತಾರೆ. ಪಕ್ಕದ ಮನೆಯವರು ತಮ್ಮ ಮಗುವಿಗೆ ಹಾಕಿದ್ದ ಡ್ರಾಪ್ಸ್ ಹೆಸರು ಹೇಳುತ್ತಾರೆ. ಡಾಕ್ಟರ ಚೀಟಿಯಲ್ಲಿ ಇನ್ನೇನೋ ಇರುತ್ತದೆ.

ಇವುಗಳಲ್ಲಿ ಯಾವುದು ಕಕ್ಕುವುದನ್ನು ನಿಲ್ಲಿಸುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಇದು ಮಗುವಿನ ಮೆದುಳು, ನರಗಳಿಗೆ ಏನು ಮಾಡುತ್ತದೆ ಅಂತ ಕೇಳುವವರು ಕಡಿಮೆ. ದೊಡ್ಡವರಿಗೆ ಮಾತ್ರೆ ತಗೊಂಡ ಮೇಲೆ ಕತ್ತು ಹಿಡಿದುಕೊಂಡರೆ, ತಲೆನೋವು ಬಂದರೆ, ಮಂಪರು ಕವಿದರೆ ಬಾಯಿಬಿಟ್ಟು ಹೇಳುತ್ತಾರೆ. ಮೂರು ತಿಂಗಳ ಮಗು ಅಳುತ್ತದೆ, ಅಷ್ಟೇ. ಆ ಅಳು ಮೊದಲಿನ ಅಳುವಿನ ಜೊತೆ ಸೇರಿಹೋಗುತ್ತದೆ. ಹಾಗಾಗಿ ಈ ಔಷಧಿಗಳನ್ನು ನರಗಳ ಕಡೆಯಿಂದಲೇ ಹೋಲಿಸಿ ನೋಡೋಣ.

ಔಷಧಿಯೇ ಬೇಡದ ಮಕ್ಕಳು

ಅನ್ನನಾಳ ಜಠರವನ್ನು ಸೇರುವ ಕಡೆ ಒಂದು ಬಿಗಿಯುವ ಸ್ನಾಯು ಇದೆ. ಎಳೆ ಮಕ್ಕಳಲ್ಲಿ ಅದು ಆಗಾಗ ಸಡಿಲವಾಗುತ್ತದೆ. ಮಗು ಕುಡಿಯುವುದು ಬರೀ ಹಾಲು, ಮಲಗಿರುವುದೇ ಜಾಸ್ತಿ. ಹಾಗಾಗಿ ಹಾಲು ಮೇಲೆ ಬರುತ್ತದೆ. ಇದಕ್ಕೇ ರಿಫ್ಲಕ್ಸ್ ಅನ್ನುತ್ತಾರೆ. ಮೊದಲ ಮೂರು ತಿಂಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ದಿನಕ್ಕೆ ಒಮ್ಮೆಯಾದರೂ ಕಕ್ಕುತ್ತವೆ. ನಾಲ್ಕನೇ ತಿಂಗಳ ಹೊತ್ತಿಗೆ ಇದು ಇನ್ನೂ ಹೆಚ್ಚು. ಆಮೇಲೆ ತಾನಾಗಿಯೇ ಇಳಿದು, ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ಮಕ್ಕಳಲ್ಲಿ ನಿಂತುಬಿಡುತ್ತದೆ.

ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಸರಿಯಾಗಿ ಏರುತ್ತಿದೆ, ಮಗು ಕಕ್ಕಿದ ಮೇಲೂ ನಗುತ್ತದೆ, ಮತ್ತೆ ಹಾಲು ಕೇಳುತ್ತದೆ ಅಂದರೆ ಅದಕ್ಕೆ ಕಾಯಿಲೆ ಇಲ್ಲ. ಬಟ್ಟೆ ಒಗೆಯುವ ಕೆಲಸ ಜಾಸ್ತಿ ಆಗುತ್ತದೆ, ನಿಜ. ಆದರೆ ಅದಕ್ಕೋಸ್ಕರ ಮೆದುಳನ್ನು ಮುಟ್ಟುವ ಔಷಧಿ ಕೊಡಬಾರದು. ಅಮೆರಿಕ ಮತ್ತು ಯುರೋಪಿನ ಮಕ್ಕಳ ಹೊಟ್ಟೆ-ಕರುಳು ತಜ್ಞರ ಸಂಘಗಳು 2018ರಲ್ಲಿ ಸೇರಿ ಮಾರ್ಗಸೂಚಿ ಹೊರಡಿಸಿವೆ. ಅದರಲ್ಲೂ ಇದೇ ಮಾತಿದೆ. ಬೇರೆ ತೊಂದರೆ ಇಲ್ಲದ ಮಗು ಬರೀ ಕಕ್ಕುತ್ತದೆ, ಅಳುತ್ತದೆ ಅನ್ನುವ ಕಾರಣಕ್ಕೆ ಆಮ್ಲ ತಗ್ಗಿಸುವ ಔಷಧಿ ಕೊಡಬೇಡಿ ಅಂತ.

ಮೆಟೊಕ್ಲೊಪ್ರಮೈಡ್: ಪಟ್ಟಿಯಿಂದ ತೆಗೆದುಹಾಕಿ

ನಮ್ಮಲ್ಲಿ ಪೆರಿನಾರ್ಮ್ ಅನ್ನುವ ಹೆಸರಿನಲ್ಲಿ ಇದನ್ನು ಹೆಚ್ಚಿನವರು ಬಲ್ಲರು. ವಾಂತಿ ನಿಲ್ಲಿಸುತ್ತದೆ, ಜಠರ ಬೇಗ ಖಾಲಿಯಾಗುವಂತೆ ಮಾಡುತ್ತದೆ. ಹೇಗೆ ಅಂದರೆ, ಡೋಪಮೈನ್ ಅನ್ನುವ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಕೈಕಾಲು, ಕತ್ತು, ಮುಖದ ಚಲನೆಯನ್ನು ಹದವಾಗಿ ನಡೆಸಲು ಮೆದುಳಿಗೆ ಬೇಕಾಗಿರುವುದು ಇದೇ ಡೋಪಮೈನ್. ಈ ಔಷಧಿ ರಕ್ತದಿಂದ ಮೆದುಳಿನೊಳಗೆ ಸುಲಭವಾಗಿ ಹೋಗುತ್ತದೆ. ಅಲ್ಲೂ ಡೋಪಮೈನನ್ನು ತಡೆಯುತ್ತದೆ.

ಆಗ ಕಾಣುವುದು ಡಿಸ್ಟೋನಿಯ. ಕತ್ತು ಒಂದು ಕಡೆಗೆ ತಿರುಚಿಕೊಂಡು ನಿಲ್ಲುತ್ತದೆ. ಬೆನ್ನು ಹಿಂದಕ್ಕೆ ಬಾಗುತ್ತದೆ. ದವಡೆ ಬಿಗಿಯುತ್ತದೆ, ನಾಲಿಗೆ ಹೊರಗೆ ಚಾಚುತ್ತದೆ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಮಗುವಿಗೆ ಎಚ್ಚರ ಇರುತ್ತದೆ, ಅದಕ್ಕೇ ಹೆದರಿ ಕಿರುಚುತ್ತದೆ. ಸಾಮಾನ್ಯವಾಗಿ ಔಷಧಿ ಶುರುಮಾಡಿದ ಮೊದಲ 24ರಿಂದ 48 ಗಂಟೆಗಳಲ್ಲಿ ಇದು ಬರುತ್ತದೆ. ದೊಡ್ಡವರಿಗಿಂತ ಮಕ್ಕಳಲ್ಲಿ ಜಾಸ್ತಿ. ಡೋಸ್ ಹೆಚ್ಚಾದಷ್ಟೂ ಜಾಸ್ತಿ.

ಇದನ್ನು ನೋಡಿದ ಮನೆಯವರಿಗೆ ಫಿಟ್ಸ್ ಅನ್ನಿಸುತ್ತದೆ. ಕೆಲವು ಕಡೆ ಬಾಲಗ್ರಹ ಅಂತಾರೆ, ದೃಷ್ಟಿ ಆಗಿದೆ ಅಂತಾರೆ. ನಿವಾಳಿಸುತ್ತಾ ಹೊತ್ತು ಕಳೆದು, ಮಧ್ಯೆ ಸಮಯ ಆಯಿತೆಂದು ಅದೇ ಔಷಧಿಯ ಇನ್ನೊಂದು ಡೋಸ್ ಹಾಕಿದರೆ? ನನಗೆ ಹೆದರಿಕೆ ಇರುವುದು ಇದರ ಬಗ್ಗೆಯೇ. ಆಸ್ಪತ್ರೆಯಲ್ಲಿ ಇದಕ್ಕೆ ಮರುಮದ್ದು ಇದೆ, ಕೊಟ್ಟರೆ ಬೇಗನೆ ಇಳಿಯುತ್ತದೆ. ಆದರೆ ಯಾವ ಔಷಧಿ ಕೊಟ್ಟಿದ್ದೀರಿ ಅನ್ನುವುದು ಡಾಕ್ಟರಿಗೆ ಗೊತ್ತಾಗಬೇಕು.

ಇನ್ನೊಂದು ಪರಿಣಾಮ ತಡವಾಗಿ ಬರುತ್ತದೆ. ತುಂಬಾ ದಿನ ಕೊಟ್ಟರೆ ತುಟಿ, ನಾಲಿಗೆ, ಮುಖ ತಾವಾಗಿಯೇ ಆಡುತ್ತಿರುವ ತೊಂದರೆ ಅದು. ಟಾರ್ಡಿವ್ ಡಿಸ್ಕೈನೀಸಿಯ ಅಂತ ಹೆಸರು. ಔಷಧಿ ನಿಲ್ಲಿಸಿದ ಮೇಲೂ ಉಳಿದುಬಿಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಇದಕ್ಕಾಗಿ ತನ್ನ ಅತಿ ಕಟ್ಟುನಿಟ್ಟಿನ, ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಯುರೋಪ್ 2013ರಲ್ಲಿ ಇನ್ನೂ ಮುಂದೆ ಹೋಯಿತು. ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ದೊಡ್ಡವರಿಗೂ 5 ದಿನಕ್ಕಿಂತ ಹೆಚ್ಚು ಬೇಡ ಅಂದಿತು. ಹಾಲು ಕಕ್ಕುವುದಕ್ಕೆ ವಾರಗಟ್ಟಲೆ ಕೊಡುವ ಔಷಧಿ ಇದಲ್ಲವೇ ಅಲ್ಲ. ಹೋಲಿಕೆಯಲ್ಲಿ ಇದರ ಜಾಗ ಕಟ್ಟಕಡೆ.

ಡಾಂಪೆರಿಡೋನ್: ಮೆದುಳಿಗೆ ಅಷ್ಟಾಗಿ ಹೋಗದು, ಆದರೂ

ನಮ್ಮ ಮನೆಗಳ ಫ್ರಿಜ್ಜಿನ ಮೇಲೆ ಜಾಸ್ತಿ ಕಾಣಸಿಗುವುದು ಇದೇ. ಡಾಮ್‌ಸ್ಟಾಲ್ ಅಂದರೆ ಎಲ್ಲರಿಗೂ ಗೊತ್ತು. ಇದೂ ಡೋಪಮೈನನ್ನೇ ತಡೆಯುತ್ತದೆ. ಆದರೆ ರಕ್ತ ಮತ್ತು ಮೆದುಳಿನ ನಡುವೆ ಒಂದು ತಡೆಗೋಡೆ ಇದೆಯಲ್ಲ, ಗೇಟಿನ ಕಾವಲುಗಾರನ ಹಾಗೆ ಅದು ಈ ಔಷಧಿಯನ್ನು ಹಿಡಿದು ಆಚೆ ಕಳಿಸುತ್ತದೆ. ವಾಂತಿಯ ಸೂಚನೆ ಕೊಡುವ ಕೇಂದ್ರ ಈ ಗೋಡೆಯ ಹೊರಗಿದೆ. ಹಾಗಾಗಿ ಒಳಗೆ ಹೋಗದೆಯೇ ಔಷಧಿ ಕೆಲಸ ಮಾಡುತ್ತದೆ. ಮೆಟೊಕ್ಲೊಪ್ರಮೈಡ್‌ಗಿಂತ ಇದು ನರಗಳಿಗೆ ಸುರಕ್ಷಿತ ಅನ್ನುವುದು ಈ ಕಾರಣಕ್ಕೆ. ಆ ಮಾತು ಸರಿ ಕೂಡ.

ಆದರೆ ಎಳೆ ಮಗುವಿನಲ್ಲಿ ಈ ತಡೆಗೋಡೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಡಿಸ್ಟೋನಿಯ ಅಪರೂಪಕ್ಕೆ ಇದರಿಂದಲೂ ಬಂದಿದೆ. ಡೋಸ್ ಮೀರಿದಾಗ ಅಪಾಯ ಹೆಚ್ಚು. ಮೀರುವುದು ಎಷ್ಟು ಸುಲಭ ನೋಡಿ. 5 ಕೆ.ಜಿ. ತೂಕದ ಮಗುವಿಗೆ ಡಾಕ್ಟರು 1.25 ಮಿ.ಗ್ರಾಂ. ಬರೆದಿದ್ದಾರೆ ಅಂತಿಟ್ಟುಕೊಳ್ಳಿ. ಬಾಟಲಿಯಲ್ಲಿ ಒಂದು ಮಿ.ಲೀ.ಗೆ 1 ಮಿ.ಗ್ರಾಂ. ಇದ್ದರೆ ಕೊಡಬೇಕಾದದ್ದು 1.25 ಮಿ.ಲೀ. ಒಂದು ಮಿ.ಲೀ.ಗೆ 10 ಮಿ.ಗ್ರಾಂ. ಇರುವ ಡ್ರಾಪ್ಸ್ ಆದರೆ ಬರೀ 0.125 ಮಿ.ಲೀ. ಮೆಡಿಕಲ್ ಶಾಪಿನಲ್ಲಿ ಸಿರಪ್ ಬದಲು ಡ್ರಾಪ್ಸ್ ಕೊಟ್ಟು, ನೀವು ಹಳೇ ಅಳತೆಯಲ್ಲೇ ಹಾಕಿದರೆ ಮಗುವಿನ ಹೊಟ್ಟೆಗೆ ಹತ್ತು ಪಟ್ಟು ಹೋಯಿತು. ಚಮಚದಲ್ಲಿ ಅಂದಾಜು ಮಾಡಲೇಬೇಡಿ. ಸೂಜಿಯಿಲ್ಲದ ಸಿರಿಂಜ್ ಅಥವಾ ಆ ಬಾಟಲಿಯ ಜೊತೆಗೇ ಬಂದ ಡ್ರಾಪರ್ ಬಳಸಿ. ಒಂದು ಬಾಟಲಿಯ ಡ್ರಾಪರನ್ನು ಇನ್ನೊಂದಕ್ಕೆ ಹಾಕಬೇಡಿ.

ಇದರ ದೊಡ್ಡ ಚಿಂತೆ ಹೃದಯದ್ದು. ಬಡಿತದ ಲಯ ಕೆಡಿಸಬಹುದು. ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್‌ನಂಥ ಆಂಟಿಬಯಾಟಿಕ್ ಅಥವಾ ಫಂಗಸ್ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಜೊತೆಗಿದ್ದರೆ ಇನ್ನೂ ಅಪಾಯ. ಇದೇ ಕೆಲಸಕ್ಕೆ ಹಿಂದೆ ಬಳಸುತ್ತಿದ್ದ ಸಿಸಾಪ್ರೈಡ್ ಹೃದಯಕ್ಕೆ ಕುತ್ತು ತಂದೇ ಅಮೆರಿಕದ ಮಾರುಕಟ್ಟೆಯಿಂದ 2000ದಲ್ಲಿ ಹೋಯಿತು. ಭಾರತ 2011ರಲ್ಲಿ ನಿಷೇಧಿಸಿತು.

ಇಷ್ಟೆಲ್ಲ ಅಪಾಯ ಸಹಿಸಿಕೊಂಡರೆ ಲಾಭ ಏನು? ಹೆಚ್ಚಿಗೆ ಏನೂ ಇಲ್ಲ. ಬ್ರಿಟನ್ 2019ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಡಾಂಪೆರಿಡೋನ್ ಬೇಡ ಅಂದಿದ್ದು ಅದು ಕೆಲಸ ಮಾಡುವುದೇ ಇಲ್ಲ ಅನ್ನುವ ಕಾರಣಕ್ಕೆ. 2018ರ ಮಾರ್ಗಸೂಚಿಯೂ ಮಕ್ಕಳ ರಿಫ್ಲಕ್ಸ್‌ಗೆ ಇದನ್ನೂ ಮೆಟೊಕ್ಲೊಪ್ರಮೈಡನ್ನೂ ಬೇಡ ಅನ್ನುತ್ತದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕು ಅಂದರೆ ನರಗಳ ಮಟ್ಟಿಗೆ ಡಾಂಪೆರಿಡೋನ್ ವಾಸಿ. ಆದರೆ ಆರಿಸಲೇಬೇಕಾದ ಪ್ರಸಂಗ ಬರುವುದು ತೀರಾ ಕಡಿಮೆ.

ಆಮ್ಲ ತಗ್ಗಿಸುವ ಔಷಧಿಗಳು

ಇವುಗಳಲ್ಲಿ ಎರಡು ಗುಂಪು. ಫ್ಯಾಮೊಟಿಡಿನ್, ರಾನಿಟಿಡಿನ್ ಒಂದು ಕಡೆ. ಒಮೆಪ್ರಜೋಲ್, ಎಸೊಮೆಪ್ರಜೋಲ್, ಲ್ಯಾನ್ಸೊಪ್ರಜೋಲ್ ಇನ್ನೊಂದು ಕಡೆ. ಎರಡೂ ಡೋಪಮೈನ್ ತಂಟೆಗೆ ಹೋಗುವುದಿಲ್ಲ. ಹಾಗಾಗಿ ಕತ್ತು ತಿರುಚುವ, ಕಣ್ಣು ಮೇಲೆ ಹೋಗುವ ಹೆದರಿಕೆ ಇವುಗಳಲ್ಲಿ ಇಲ್ಲ ಅನ್ನುವಷ್ಟು ಕಡಿಮೆ.

ಮೊದಲ ಗುಂಪಿನ ಫ್ಯಾಮೊಟಿಡಿನ್ ಕೊಟ್ಟ ಕೆಲವು ಶಿಶುಗಳು ಚಡಪಡಿಸುತ್ತವೆ, ಕಿರಿಕಿರಿ ಮಾಡುತ್ತವೆ, ತಲೆ ಉಜ್ಜಿಕೊಳ್ಳುತ್ತವೆ. ತಲೆ ಉಜ್ಜುವುದು ತಲೆನೋವಿನ ಗುರುತು ಇರಬಹುದು. ಔಷಧಿ ನಿಲ್ಲಿಸಿದರೆ ಇಳಿಯುತ್ತದೆ. ಆದರೆ ಇಲ್ಲೊಂದು ಸುಳಿ ಇದೆ. ಮಗು ಅಳುತ್ತದೆ ಅಂತಲೇ ಈ ಔಷಧಿ ಶುರುಮಾಡಿರುತ್ತೇವೆ. ಔಷಧಿಯಿಂದಲೇ ಅಳು ಹೆಚ್ಚಾದರೆ ರಿಫ್ಲಕ್ಸ್ ಜಾಸ್ತಿ ಆಯಿತು ಅಂದುಕೊಂಡು ಡೋಸ್ ಏರಿಸುವ ಸಾಧ್ಯತೆ ಇದೆ. ಶುರುಮಾಡುವ ಮುಂಚೆ ಮಗು ದಿನಕ್ಕೆ ಎಷ್ಟು ಹೊತ್ತು ಅಳುತ್ತದೆ, ಯಾವಾಗ ಅಳುತ್ತದೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಹೋಲಿಸಲು ಅದೊಂದೇ ಆಧಾರ. ಈ ಗುಂಪಿನ ಇನ್ನೊಂದು ಸ್ವಭಾವ ಅಂದರೆ ಕೆಲವು ವಾರಗಳಲ್ಲಿ ಇವುಗಳ ಶಕ್ತಿ ಕುಂದುತ್ತದೆ. ರಾನಿಟಿಡಿನ್‌ನಲ್ಲಿ ಕ್ಯಾನ್ಸರ್‌ಕಾರಕ ಇರಬಹುದಾದ ಕಲ್ಮಶ ಸಿಕ್ಕಿ ಅಮೆರಿಕ 2020ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಸಿತು. ಮಗುವಿಗೆ ಅದನ್ನು ನಾನಂತೂ ಆರಿಸುವುದಿಲ್ಲ.

ಎರಡನೇ ಗುಂಪು ಆಮ್ಲವನ್ನು ಚೆನ್ನಾಗಿ ತಡೆಯುತ್ತದೆ. ನರಗಳ ಮೇಲೆ ನೇರ ಪರಿಣಾಮ ಕಡಿಮೆ. ತಿಂಗಳುಗಟ್ಟಲೆ ಕೊಟ್ಟಾಗ ಅಪರೂಪಕ್ಕೆ ರಕ್ತದಲ್ಲಿ ಮೆಗ್ನೀಸಿಯಂ ಇಳಿಯಬಹುದು. ತೀರಾ ಇಳಿದರೆ ಸ್ನಾಯು ಸೆಟೆತ, ಫಿಟ್ಸ್ ಬರಬಹುದು. ನಾಲ್ಕು ವಾರಕ್ಕೆ ಈ ಚಿಂತೆ ಬೇಡ. ನಿಲ್ಲಿಸುವ ದಿನ ಯಾವತ್ತು ಅಂತ ಯಾರೂ ಹೇಳದೆ ಸುಮ್ನೆ ಮುಂದುವರಿಯುವ ಔಷಧಿಗೆ ಈ ಚಿಂತೆ ಬೇಕು.

ಆದರೆ ಇವು ಕಕ್ಕುವುದನ್ನು ನಿಲ್ಲಿಸುವುದಿಲ್ಲ. ಮೇಲೆ ಬರುವ ಹಾಲಿನ ಹುಳಿ ಕಡಿಮೆ ಮಾಡುತ್ತವೆ, ಅಷ್ಟೇ. 2009ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 162 ಶಿಶುಗಳಲ್ಲಿ ಅರ್ಧ ಮಂದಿಗೆ ಲ್ಯಾನ್ಸೊಪ್ರಜೋಲ್, ಇನ್ನರ್ಧ ಮಂದಿಗೆ ಔಷಧಿ ಇಲ್ಲದ ಹುಸಿ ಡೋಸ್ ಕೊಟ್ಟರು. ನಾಲ್ಕು ವಾರಗಳಲ್ಲಿ ಎರಡೂ ಕಡೆ ಸುಧಾರಿಸಿದವರು ಶೇ. 54. ವ್ಯತ್ಯಾಸವೇ ಇಲ್ಲ. ಶ್ವಾಸಕೋಶದ ಸೋಂಕು ಮಾತ್ರ ಔಷಧಿ ತಗೊಂಡ ಕಡೆ ಜಾಸ್ತಿ. ಹೊಟ್ಟೆಯ ಆಮ್ಲ ರೋಗಾಣುಗಳನ್ನು ಕೊಲ್ಲುವ ಕೆಲಸವನ್ನೂ ಮಾಡುತ್ತದೆ ಅಲ್ವಾ?

ಹಾಗಿದ್ದರೆ ಇವು ಯಾರಿಗೆ? ಆಮ್ಲದಿಂದ ಅನ್ನನಾಳ ಹುಣ್ಣಾಗಿರುವ ಮಕ್ಕಳಿಗೆ. ಅಂಥ ಮಗುವಿಗೆ 4ರಿಂದ 8 ವಾರ ಎರಡನೇ ಗುಂಪಿನ ಔಷಧಿ ಕೊಡುವುದು ಸರಿಯಾದ ಆಯ್ಕೆ. ಅಲ್ಲಿ ಹಿಂಜರಿಯಬೇಕಾಗಿಲ್ಲ.

ರಿಫ್ಲಕ್ಸ್ ಹೆಸರಲ್ಲಿ ಬಂದು ಸೇರುವ ಬೇರೆ ಔಷಧಿಗಳು

ಡೈಸೈಕ್ಲೋಮಿನ್ ಬಗ್ಗೆ ಎಲ್ಲರಿಗೂ ಗೊತ್ತಿರಲೇಬೇಕು. ಹೊಟ್ಟೆ ನುಲಿತಕ್ಕೆ, ಗ್ಯಾಸ್‌ಗೆ ಅಂತ ಸಿಗುವ ಕೆಲವು ಸಿರಪ್, ಡ್ರಾಪ್ಸ್‌ಗಳಲ್ಲಿ ಇದು ಇರುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಇದನ್ನು ಕೊಡಲೇಬಾರದು. ಉಸಿರು ಕಟ್ಟುವುದು, ಫಿಟ್ಸ್, ಮೈ ಜೋಲುಬೀಳುವುದು, ಕೋಮಾ ಇವೆಲ್ಲ ವರದಿಯಾಗಿವೆ. ಬರೀ ಸೈಮೆಥಿಕೋನ್ ಇರುವ ಗ್ಯಾಸ್ ಡ್ರಾಪ್ಸ್ ಮತ್ತು ಡೈಸೈಕ್ಲೋಮಿನ್ ಸೇರಿದ ಡ್ರಾಪ್ಸ್ ನೋಡಲು ಒಂದೇ ಥರ ಇರಬಹುದು. ಬ್ರ್ಯಾಂಡ್ ಹೆಸರು ಬಿಡಿ. ಅದರ ಕೆಳಗೆ ಸಣ್ಣಕ್ಷರದಲ್ಲಿ ಇರುವ ಔಷಧಿಯ ಹೆಸರು ಓದಿ. ಓದಲು ಆಗದಿದ್ದರೆ ಶಾಪಿನವರಿಂದಲೇ ಓದಿಸಿ.

ದೊಡ್ಡವರು ಕುಡಿಯುವ ಜೆಲುಸಿಲ್, ಡೈಜೀನ್ ಥರದ ಆಂಟಾಸಿಡ್‌ಗಳಲ್ಲಿ ಅಲ್ಯೂಮಿನಿಯಂ ಇದೆ. ಶಿಶುವಿನ ಕಿಡ್ನಿಗೆ ಅದನ್ನು ಹೊರಹಾಕಲು ಕಷ್ಟ. ರಕ್ತದಲ್ಲಿ ಸೇರುತ್ತಾ ಹೋದರೆ ಮೆದುಳಿಗೆ, ಮೂಳೆಗೆ ಕೆಟ್ಟದ್ದು. ಅರ್ಧ ಚಮಚವೂ ಬೇಡ. ಒಂಡಾನ್‌ಸೆಟ್ರಾನ್ ವಾಂತಿಭೇದಿಯಾದಾಗ ಒಂದೆರಡು ಡೋಸ್‌ಗೆ ಸರಿ, ರಿಫ್ಲಕ್ಸ್‌ಗಲ್ಲ. ಸ್ನಾಯು ಸಡಿಲಿಸುವ ಬ್ಯಾಕ್ಲೋಫೆನ್ ತಜ್ಞರ ಕೈಲಿರುವ ಕಡೆಯ ಅಸ್ತ್ರ. ಮಂಪರು ತರುತ್ತದೆ, ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಮನೆಮದ್ದಿನ ಮಾತೂ ಇಲ್ಲೇ ಬರಬೇಕು. ಜಾಯಿಕಾಯಿ ತೇಯ್ದು ಹಾಕಿದರೆ ಮಗು ಚೆನ್ನಾಗಿ ಮಲಗುತ್ತದೆ ಅನ್ನುತ್ತಾರೆ. ಜಾಯಿಕಾಯಿಯಲ್ಲಿ ನರಮಂಡಲದ ಮೇಲೆ ಕೆಲಸ ಮಾಡುವ ಅಂಶ ಇದೆ. ಜಾಸ್ತಿಯಾದರೆ ವಿಷ. ಕಲ್ಲಿನ ಮೇಲೆ ತೇಯುವಾಗ ಎಷ್ಟು ಹೋಯಿತು ಅಂತ ಯಾರು ಅಳೆಯುತ್ತಾರೆ? ಬಜೆಯಲ್ಲಿ ಇರುವ ಅಸರೋನ್ ಅನ್ನುವ ರಾಸಾಯನಿಕದ ಕಾರಣಕ್ಕೆ ಅಮೆರಿಕದಲ್ಲಿ 1968ರಿಂದ ಅದನ್ನು ಆಹಾರದಲ್ಲಿ ಬಳಸುವಂತಿಲ್ಲ. ಅಜ್ಜಿಯ ಪ್ರೀತಿಯ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಅನ್ನುವುದು ಇವಕ್ಕೂ ಸೇರಿಯೇ ಹೇಳಿದ ಮಾತು.

ಸೆಟೆದುಕೊಂಡ ಮಗು: ಔಷಧಿಯಿಂದಲೋ, ರಿಫ್ಲಕ್ಸ್‌ನಿಂದಲೋ, ಫಿಟ್ಸೋ?

ರಿಫ್ಲಕ್ಸ್ ಒಂದರಿಂದಲೇ ಕೆಲವು ಮಕ್ಕಳು ಕತ್ತು ಓರೆಮಾಡಿ ಬೆನ್ನು ಬಾಗಿಸುತ್ತವೆ. ಅದಕ್ಕೆ ಸ್ಯಾಂಡಿಫರ್ ಸಿಂಡ್ರೋಮ್ ಅನ್ನುತ್ತಾರೆ. ಹಾಲು ಕುಡಿಯುವಾಗ ಅಥವಾ ಕುಡಿದ ಸ್ವಲ್ಪ ಹೊತ್ತಿಗೆ ಬರುತ್ತದೆ, ನಿದ್ದೆಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಔಷಧಿಯಿಂದಾದ ಡಿಸ್ಟೋನಿಯಕ್ಕೆ ಹಾಲಿನ ಹೊತ್ತು ಗೊತ್ತಿಲ್ಲ, ಡೋಸ್‌ನ ಹೊತ್ತು ಗೊತ್ತು. ಮೊದಲು ಇಲ್ಲದ್ದು ಔಷಧಿ ಶುರುಮಾಡಿದ ಒಂದೆರಡು ದಿನದಲ್ಲಿ ಕಾಣಿಸಿಕೊಳ್ಳುತ್ತದೆ, ಬಿಗಿತ ಹೆಚ್ಚು ಹೊತ್ತು ಇರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಶಿಶುಗಳಲ್ಲಿ ಬರುವ ಒಂದು ಬಗೆಯ ಫಿಟ್ಸ್, ಇನ್‌ಫಂಟೈಲ್ ಸ್ಪಾಸಮ್ಸ್. ಹೆಚ್ಚಾಗಿ ಮೂರರಿಂದ ಹನ್ನೆರಡು ತಿಂಗಳೊಳಗೆ ಶುರುವಾಗುತ್ತದೆ. ಮಗು ನಿದ್ದೆಯಿಂದ ಎದ್ದ ಹೊತ್ತಿಗೆ ತಲೆ ಮುಂದಕ್ಕೆ ಬಾಗಿಸಿ, ಕೈ ಎತ್ತಿ, ಒಂದೆರಡು ಸೆಕೆಂಡ್ ಬೆಚ್ಚಿದಂತೆ ಮಾಡುತ್ತದೆ. ಮತ್ತೆ ಕೆಲವು ಸೆಕೆಂಡ್ ಬಿಟ್ಟು ಅದೇ. ಹೀಗೆ ಸಾಲಾಗಿ ಬರುತ್ತದೆ. ನಗುತ್ತಿದ್ದ ಮಗು ನಗುವುದನ್ನು ಬಿಡಬಹುದು. ಇದನ್ನು ಹೊಟ್ಟೆನೋವು, ರಿಫ್ಲಕ್ಸ್ ಅಂದುಕೊಂಡು ವಾರಗಟ್ಟಲೆ ಡ್ರಾಪ್ಸ್ ಹಾಕುತ್ತಾ ಕೂತರೆ ಮಗುವಿನ ಬೆಳವಣಿಗೆಗೇ ಪೆಟ್ಟು. ಅದೇ ದಿನ ತೋರಿಸಬೇಕು, ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಪರೀಕ್ಷೆ ಮಾಡಿಸಬೇಕು.

ಮೂರರಲ್ಲಿ ಯಾವುದು ಅಂತ ಮನೆಯಲ್ಲಿ ತೀರ್ಮಾನಿಸುವುದು ಬೇಡ. ಫೋನಿನಲ್ಲಿ ವಿಡಿಯೋ ಮಾಡಿ, ಮಗುವಿನ ಮುಖ, ಕಣ್ಣು, ಕೈಕಾಲು ಎಲ್ಲ ಕಾಣುವಂತೆ. ಮುಂದಿನ ಡೋಸ್ ಹಾಕಬೇಡಿ. ಬಾಟಲಿ, ಚೀಟಿ ಎರಡನ್ನೂ ಕೈಲಿ ಹಿಡಿದು ಆಸ್ಪತ್ರೆಗೆ ಹೋಗಿ. ಉಸಿರಾಟ ಕಷ್ಟವಾದರೆ, ಮೈ ನೀಲಿಯಾದರೆ, ಮಗು ಎಚ್ಚರಗೊಳ್ಳದಿದ್ದರೆ 108ಕ್ಕೆ ಕರೆಮಾಡಿ. ಹಸಿರು ಅಥವಾ ರಕ್ತದ ವಾಂತಿ, ಚಿಮ್ಮುವಂತೆ ವಾಂತಿ, ಉಬ್ಬಿದ ನೆತ್ತಿ, ಏರದ ತೂಕ, ಜ್ವರ ಇವು ಬರೀ ಹಾಲು ಕಕ್ಕುವುದರ ಲಕ್ಷಣ ಅಲ್ಲ. ಇವಕ್ಕೂ ತಡಮಾಡದೆ ತೋರಿಸಿ.

ನರಗಳನ್ನು ಮುಟ್ಟದ ದಾರಿಗಳು

ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಹಾಲು ಕೊಡಿ. ಮಧ್ಯದಲ್ಲೊಮ್ಮೆ, ಮುಗಿದ ಮೇಲೊಮ್ಮೆ ತೇಗಿಸಿ. ಕುಡಿದ ಮೇಲೆ ಇಪ್ಪತ್ತು-ಮೂವತ್ತು ನಿಮಿಷ ನೆಟ್ಟಗೆ ಎತ್ತಿಕೊಳ್ಳಿ. ಮಲಗಿಸುವಾಗ ಮಾತ್ರ ಬೆನ್ನ ಮೇಲೆ, ಸಮತಟ್ಟಾದ ಹಾಸಿಗೆಯಲ್ಲಿ. ಕಕ್ಕುವ ಮಗುವಿಗೂ ಇದೇ ನಿಯಮ. ತಲೆಯ ಕೆಳಗೆ ದಿಂಬು ಬೇಡ. ಆರು ತಿಂಗಳೊಳಗೆ ಹಾಲು ಗಟ್ಟಿಯಾಗಲಿ ಅಂತ ರಾಗಿ ಸರಿ ಬೆರೆಸಬೇಡಿ. ಬಾಟಲಿ ಹಾಲಿನ ಮಗುವಿಗೆ ಗಟ್ಟಿ ಮಾಡುವ ಪುಡಿ ಬೇಕಾ ಅಂತ ಡಾಕ್ಟರೇ ಹೇಳಲಿ.

ಇಷ್ಟಕ್ಕೂ ಬಗ್ಗದ, ತೂಕ ಏರದ ಅಥವಾ ತುಂಬಾ ಸಂಕಟಪಡುವ ಮಗುವಿಗೆ ಹಸುವಿನ ಹಾಲಿನ ಅಲರ್ಜಿ ಇರಬಹುದು. ಅದು ರಿಫ್ಲಕ್ಸ್‌ನ ಹಾಗೇ ಕಾಣುತ್ತದೆ. ಎದೆಹಾಲು ಕೊಡುವ ತಾಯಿ ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಮಜ್ಜಿಗೆ, ಪನೀರ್ ಬಿಟ್ಟು ನೋಡಬಹುದು. ಬಾಣಂತಿಗೆ ಇದು ದೊಡ್ಡ ತ್ಯಾಗ. ಬದಲಿ ಊಟ ಏನು ಅಂತ ಡಾಕ್ಟರ ಹತ್ತಿರ ಮಾತಾಡಿಯೇ ಶುರುಮಾಡಬೇಕು. ನನ್ನ ಪ್ರಕಾರ ಯಾವುದೇ ಡ್ರಾಪ್ಸ್‌ಗಿಂತ ಮೊದಲು ಮಾಡಿ ನೋಡಬೇಕಾದದ್ದು ಇದು. ಬ್ರಿಟನ್ನಿನ 2015ರ ಮಾರ್ಗಸೂಚಿ ತುಂಬಾ ಸಂಕಟಪಡುವ ಎದೆಹಾಲಿನ ಮಗುವಿಗೆ ಒಂದೆರಡು ವಾರ ಆಲ್ಜಿನೇಟ್ ಕೊಟ್ಟು ನೋಡಲು ಹೇಳುತ್ತದೆ. ಅದು ಹೊಟ್ಟೆಯಲ್ಲೇ ಕೆಲಸ ಮಾಡುವ ವಸ್ತು, ಮೆದುಳಿನ ಗೊಡವೆ ಇಲ್ಲ. ಆದರೆ ಶಿಶುಗಳಿಗಾಗಿಯೇ ಮಾಡಿದ ಪೊಟ್ಟಣ ಬೇರೆ, ದೊಡ್ಡವರ ಗ್ಯಾವಿಸ್ಕಾನ್ ಬೇರೆ. ದೊಡ್ಡವರದನ್ನು ಮಗುವಿಗೆ ಹಾಕಬೇಡಿ, ಅದರಲ್ಲಿ ಸೋಡಿಯಂ ಜಾಸ್ತಿ.

ಡಾಕ್ಟರ ಹತ್ತಿರ ಕೇಳಬೇಕಾದದ್ದು

ಚೀಟಿ ಕೈಗೆ ಬಂದಾಗ ಮೂರು ವಿಷಯ ಕೇಳಿ. ಇದರಲ್ಲಿರುವ ಔಷಧಿಯ ಹೆಸರೇನು? ಇದು ಕಕ್ಕುವುದಕ್ಕೋ, ಆಮ್ಲಕ್ಕೋ? ಯಾವ ತಾರೀಖಿಗೆ ನಿಲ್ಲಿಸಬೇಕು? ಈಗಾಗಲೇ ಮೆಟೊಕ್ಲೊಪ್ರಮೈಡ್ ಅಥವಾ ಡಾಂಪೆರಿಡೋನ್ ನಡೆಯುತ್ತಿದ್ದರೆ ಫೋನ್ ಮಾಡಿ, ಮುಂದುವರಿಸಬೇಕಾ ಅಂತ ಇವತ್ತೇ ಕೇಳಿ. ಅಡ್ಡಪರಿಣಾಮ ಆಗಿದ್ದರೆ ಅದನ್ನು ಸರ್ಕಾರದ ಔಷಧ ನಿಗಾ ಕಾರ್ಯಕ್ರಮಕ್ಕೆ 1800-180-3024 ಸಂಖ್ಯೆಯಲ್ಲಿ ತಾಯಿ ತಂದೆಯೇ ತಿಳಿಸಬಹುದು.

ಇನ್ನೊಂದು ವಿಷಯ ಎಷ್ಟೋ ಸಲ ಚೀಟಿಯಲ್ಲೇ ಬರುವುದಿಲ್ಲ. ಎದೆಹಾಲು ಹೆಚ್ಚಲಿ ಅಂತ ಬಾಣಂತಿಗೂ ಡಾಂಪೆರಿಡೋನ್ ಅಥವಾ ಮೆಟೊಕ್ಲೊಪ್ರಮೈಡ್ ಮಾತ್ರೆ ಕೊಡುವುದುಂಟು. ಎರಡೂ ಹಾಲಿನಲ್ಲಿ ಮಗುವಿಗೆ ಹೋಗುತ್ತವೆ, ಮೆಟೊಕ್ಲೊಪ್ರಮೈಡ್ ಜಾಸ್ತಿ ಹೋಗುತ್ತದೆ. ಜೊತೆಗೆ ಅದು ತಾಯಿಯಲ್ಲಿ ಖಿನ್ನತೆ ತರಬಹುದು, ಹೆರಿಗೆಯ ನಂತರ ಮನಸ್ಸು ಮೊದಲೇ ಕುಗ್ಗಿರುವ ಹೊತ್ತಿನಲ್ಲಿ. ಮಗುವನ್ನು ತೋರಿಸಲು ಹೋದಾಗ ತಾಯಿ ತಗೊಳ್ಳುತ್ತಿರುವ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲಿಟ್ಟು ತೋರಿಸಿ.